'ಲೂಟ್' ಪದ ಇಂಗ್ಲಿಷಿಗೆ ಹೋಗಿದ್ದು ಹಂಪಿಯಿಂದಲೇ?

"ಹಂಪಿಯನ್ನು ಲೂಟಿ ಮಾಡಿದಾಗಲೇ ಇಂಗ್ಲಿಷಿಗೆ 'ಲೂಟ್' ಪದ ಸಿಕ್ಕಿತು." ಕಲ್ಲಿನ ರಥದ ಫೋಟೊ ಜೊತೆ ಇಂಥದ್ದೊಂದು ಫಾರ್ವರ್ಡ್ ಬಂದರೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ನಮಗೆ ಥಟ್ಟನೆ ಶೇರ್ ಮಾಡಬೇಕೆನಿಸುತ್ತದೆ. ಸ್ವಲ್ಪ ತಡೆಯಿರಿ, ಇದರಲ್ಲಿ ಅರ್ಧ ಮಾತ್ರ ನಿಜ.

ಪದ ಭಾರತದ್ದೇ. ಹಿಂದಿಯ 'ಲೂಟ್' ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲಿಷಿಗೆ ಸೇರಿತು. ಅಲ್ಲಿ ಅಚ್ಚಿನಲ್ಲಿ ಮೊದಲು ಕಾಣುವುದು 1788ರಲ್ಲಿ. ಕ್ರಿಯಾಪದವಾಗಿ ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ.

ಹಂಪಿ ಹಾಳಾಗಿದ್ದು 1565ರ ತಾಳಿಕೋಟೆ ಯುದ್ಧದ ನಂತರ. ಆಗ ಕಂಪನಿಯೇ ಹುಟ್ಟಿರಲಿಲ್ಲ. 1567ರಲ್ಲಿ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ಗೆದ್ದವರು ಆರು ತಿಂಗಳು ಇಲ್ಲೇ ಉಳಿದು ಮನೆಗಳ ಅಡಿಯನ್ನೂ ಬಿಡದೆ ಹಣ ಹುಡುಕಿದರು ಎಂದು ಬರೆದ. ಆ ಬರಹ 1588ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. 'ಲೂಟ್' ಆ ಭಾಷೆಯಲ್ಲಿ ಅಚ್ಚಾಗಲು ಇನ್ನೂ 200 ವರ್ಷ ಬಾಕಿ!

ಅಂದಹಾಗೆ, ಕನ್ನಡದ 'ಲೂಟಿ'ಯೂ ಹೊರಗಿನಿಂದ ಬಂದದ್ದೇ. ನಮ್ಮವು ಕೊಳ್ಳೆ, ಸೂರೆ. ಹಾಡು ಮನ ಸೂರೆಗೊಂಡಿತು ಎನ್ನುತ್ತಾ ಸೂರೆಯನ್ನೇ ಹೊಗಳಿಕೆ ಮಾಡಿಕೊಂಡವರು ನಾವು.

ಮೊಬೈಲಿನಲ್ಲೀಗ 'ಲೂಟ್' ಪದದ ಖಾರವೂ ಇಳಿದಿದೆ. ಪಬ್‌ಜಿಯಲ್ಲಿ ಬಿದ್ದ ಗನ್ನು ಎತ್ತಿಕೊಂಡರೂ ಲೂಟ್, ಟೆಲಿಗ್ರಾಂ ಚಾನೆಲ್ಲಿನ ಭಾರಿ ಡಿಸ್ಕೌಂಟೂ 'ಲೂಟ್ ಆಫರ್'. ಗೊತ್ತಿಲ್ಲದ ಲಿಂಕ್ ಒತ್ತಿ ಒಟಿಪಿ ಕೊಟ್ಟರೆ ಮಾತ್ರ ಹಳೆಯ ಅರ್ಥವೇ ಗಟ್ಟಿ. ಹಾಗೇನಾದರೂ ಹಣ ಹೋದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.