ಒಂದು ಪಾಸು, ನಾಲ್ಕು ಊರು

1972ರಲ್ಲಿ ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಐವತ್ತು ವರ್ಷ ತುಂಬಿತು. ಪ್ಯಾರಿಸ್‌ನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆ ಅದರ ನೆನಪಿಗೆಂದು ಒಂದು ಟಿಕೆಟ್ ಹೊರಡಿಸಿತು. 21 ವಯಸ್ಸಿನವರೆಗಿನ ಯಾರೇ ಕೊಂಡರೂ ಒಂದು ತಿಂಗಳ ಕಾಲ 21 ದೇಶಗಳ ರೈಲುಗಳಲ್ಲಿ ಓಡಾಡಬಹುದಿತ್ತು. ಬ್ರಿಟನ್ನಿನಲ್ಲಿ ಅದರ ಬೆಲೆ 27.50 ಪೌಂಡು, ಹೆಸರು ಇಂಟರ್‌ರೈಲ್. ಆ ಒಂದು ವರ್ಷಕ್ಕೆ ಮುಗಿಯಬೇಕಿದ್ದ ಟಿಕೆಟ್ಟನ್ನು ಹುಡುಗ ಹುಡುಗಿಯರು ಮುಗಿಯಲು ಬಿಡಲಿಲ್ಲ. ಮಾರಾಟ ಮುಂದುವರಿಯಿತು, ವಯಸ್ಸಿನ ಮಿತಿ ಮೊದಲು 23ಕ್ಕೆ, ಆಮೇಲೆ 26ಕ್ಕೆ ಏರಿತು. 1998ರಲ್ಲಿ ಮಿತಿಯೇ ಹೋಯಿತು. ಈಗ 33 ದೇಶಗಳಲ್ಲಿ ನಡೆಯುವ ಈ ಪಾಸನ್ನು ಅಜ್ಜ ಅಜ್ಜಿಯರೂ ಕೊಳ್ಳಬಹುದು. 27 ವರ್ಷದವರೆಗಿನವರಿಗೆ ಮಾತ್ರ ದರ ಕಡಿಮೆ. ಬೆನ್ನಿಗೊಂದು ಚೀಲ ಏರಿಸಿ, ಗೆಳೆಯರ ಜೊತೆ ರಜೆಯಲ್ಲಿ ನಾಲ್ಕಾರು ಊರು ಸುತ್ತುವುದು ಯುರೋಪಿನ ವಿದ್ಯಾರ್ಥಿ ಜೀವನದ ರೂಢಿಯಾದದ್ದರಲ್ಲಿ ಈ ಪಾಸಿನ ಪಾಲು ದೊಡ್ಡದು.

ಸುತ್ತಾಟದ ಹಂಬಲ ಅದಕ್ಕಿಂತ ಬಹಳ ಹಳೆಯದು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರು ಓದು ಮುಗಿಸಿದ ಮಕ್ಕಳನ್ನು ಒಬ್ಬ ಮೇಷ್ಟರ ಜೊತೆ ಪ್ಯಾರಿಸ್, ವೆನಿಸ್, ರೋಮ್ ನೋಡಿ ಬರಲು ಕಳಿಸುತ್ತಿದ್ದರು. ‘ಗ್ರ್ಯಾಂಡ್ ಟೂರ್’ ಎಂದು ಕರೆಸಿಕೊಂಡ ಆ ಪ್ರವಾಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತಿತ್ತು. ದುಡ್ಡಿಲ್ಲದೆಯೂ ಊರು ಸುತ್ತಬಹುದೆಂದು ಅವರಿಗೂ ಮೊದಲೇ ತೋರಿಸಿದವನು ಥಾಮಸ್ ಕೊರಿಯಟ್. 1608ರಲ್ಲಿ ಈತ ಬಹುಪಾಲು ನಡೆದೇ ವೆನಿಸ್ ತಲುಪಿ ಮರಳಿದ, 1611ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಇಟಲಿಯವರು ಫೋರ್ಕಿನಿಂದ ತಿನ್ನುವುದನ್ನು ಕಂಡು ಬೆರಗಾಗಿ ಇಂಗ್ಲಿಷರಿಗೆ ವರ್ಣಿಸಿದವನೂ ಇವನೇ. ಅಷ್ಟಕ್ಕೆ ಕಾಲು ನಿಲ್ಲಲಿಲ್ಲ. ಪೂರ್ವಕ್ಕೆ ಹೊರಟು, ಅಜ್ಮೀರಿನಲ್ಲಿದ್ದ ಜಹಾಂಗೀರನ ಆಸ್ಥಾನದವರೆಗೆ ನಡೆದು ಬಂದು, 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಬೆನ್ನುಚೀಲದ ಪ್ರವಾಸಿಗರಿಗೆ ಒಬ್ಬ ಮೂಲಪುರುಷ ಬೇಕಿದ್ದರೆ ಇವನಿಗಿಂತ ಯೋಗ್ಯ ಸಿಗಲಾರ.

ಕೊರಿಯಟ್‌ನಂಥವರಿಗೆ ರಾತ್ರಿ ಮಲಗುವ ಜಾಗವೇ ದೊಡ್ಡ ತೊಡಕು. ಅದನ್ನು ಬಿಡಿಸಿದ್ದು ಜರ್ಮನಿಯ ಒಬ್ಬ ಶಾಲಾ ಮೇಷ್ಟರು. 1909ರ ಆಗಸ್ಟಿನಲ್ಲಿ ರಿಚರ್ಡ್ ಶಿರ್ಮಾನ್ ತಮ್ಮ ವಿದ್ಯಾರ್ಥಿಗಳನ್ನು ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆ ಸುರಿಯಿತು. ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನು ಮಕ್ಕಳಿಗೆ ತಂಗಲು ಏಕೆ ಕೊಡಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯೊಳಗೆ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಈಗ ಯುರೋಪಿನ ಯಾವ ದೊಡ್ಡ ಊರಿಗೆ ಹೋದರೂ ಅದರ ಸಂತತಿ ಉಂಟು: ಒಂದೇ ಕೋಣೆಯಲ್ಲಿ ನಾಲ್ಕರಿಂದ ಹನ್ನೆರಡು ಬಂಕ್ ಮಂಚ, ಪ್ರತಿಯೊಬ್ಬರಿಗೊಂದು ಲಾಕರ್, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಲಾಕರಿನ ಬೀಗವನ್ನು ಬಹಳ ಕಡೆ ಪ್ರವಾಸಿಗರೇ ತರಬೇಕು. ಕಿವಿಗೆ ಹತ್ತಿಯನ್ನೂ ತರುವುದು ಮೇಲು, ಹನ್ನೆರಡು ಜನರಲ್ಲಿ ಒಬ್ಬರಾದರೂ ಗೊರಕೆ ಹೊಡೆಯುವವರು ಇದ್ದೇ ಇರುತ್ತಾರೆ.

ರೈಲು, ಹಾಸಿಗೆ ಎರಡೂ ಸಿಕ್ಕಮೇಲೆ ಉಳಿದ ಅಡ್ಡಿ ಗಡಿ. ಹಿಂದೆ ಪ್ರತಿ ಗಡಿಯಲ್ಲೂ ರೈಲು ನಿಂತು, ಪೊಲೀಸರು ಹತ್ತಿ ಪಾಸ್‌ಪೋರ್ಟ್ ನೋಡುತ್ತಿದ್ದರು. 1985ರ ಜೂನ್ 14ರಂದು ಐದು ದೇಶಗಳು ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ದೋಣಿಯ ಮೇಲೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು. 2025ರ ಆರಂಭಕ್ಕೆ ಬಲ್ಗೇರಿಯ, ರೊಮೇನಿಯ ಪೂರ್ತಿಯಾಗಿ ಒಳಗೆ ಬಂದು ಈ ಕೂಟದ ದೇಶಗಳು 29 ಆದವು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿ ಇಲ್ಲ.

ಕರ್ನಾಟಕದಿಂದ ಹೋಗಿ ಓದುವ ಮಕ್ಕಳಿಗೆ ಈ ಕೊನೆಯ ಮಾತು ಮುಖ್ಯ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಕೆಲವು ವರ್ಷಗಳಿಂದ ಭಾರತೀಯರದೇ ಅತಿ ದೊಡ್ಡ ಗುಂಪು. ಆಖೆನ್‌ನಲ್ಲೋ ಮ್ಯೂನಿಕ್‌ನಲ್ಲೋ ಎಂ.ಎಸ್. ಮಾಡುತ್ತಿರುವ ಮೈಸೂರಿನ ಹುಡುಗಿಯ ಬಳಿ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಸಾಕು, ಉಳಿದ ಷೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನ ಸುತ್ತಬಹುದು. ಡಬ್ಲಿನ್ನಿನಲ್ಲೋ ಲಂಡನ್ನಿನಲ್ಲೋ ಓದುವ ಅವಳ ಗೆಳತಿಗೆ ಆ ಭಾಗ್ಯವಿಲ್ಲ, ಬೆಂಗಳೂರಿನಿಂದ ನೇರ ಹೋಗುವ ತಮ್ಮನಿಗೂ ಇಲ್ಲ. ಅವರಿಬ್ಬರೂ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಅದರ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಮಾಡಿಸಿರಬೇಕು. ಹೆಚ್ಚು ದಿನ ಉಳಿಯುವ ದೇಶದ ದೂತಾವಾಸಕ್ಕೇ ಅರ್ಜಿ ಹೋಗಬೇಕು; ಎಲ್ಲ ಕಡೆ ಸಮನಾಗಿ ಉಳಿಯುವುದಾದರೆ ಮೊದಲು ಕಾಲಿಡುವ ದೇಶಕ್ಕೆ. ಗೆಳೆಯರು ಸೇರಿ ಹೊರಡುವಾಗ ಎಲ್ಲರಿಗೂ ಒಂದೇ ಕಾಗದಪತ್ರ ಎಂದುಕೊಂಡು ಟಿಕೆಟ್ ತೆಗೆದರೆ ಕೆಡುವುದು ಇಲ್ಲಿಯೇ. ಪಾಸಿನಲ್ಲೂ ಇದೇ ಭೇದ ಉಂಟು: ಯುರೋಪಿನಲ್ಲಿ ನೆಲೆಸಿದವರಿಗೆ, ಅವರು ಯಾವ ದೇಶದ ಪ್ರಜೆಯಾದರೂ, ಇಂಟರ್‌ರೈಲ್, ಹೊರಗಿನಿಂದ ಬರುವವರಿಗೆ 1959ರಿಂದ ಇರುವ ಯುರೈಲ್. ಯುರೋಪಿಯನ್ ಒಕ್ಕೂಟ 2018ರಲ್ಲಿ ಶುರು ಮಾಡಿದ ‘ಡಿಸ್ಕವರ್ ಇಯು’ ಯೋಜನೆ 18 ತುಂಬಿದವರನ್ನು ಆರಿಸಿ ಪಾಸನ್ನು ಪುಕ್ಕಟೆ ಕೊಡುತ್ತದೆ, ಆದರೆ ಅದು ಅಲ್ಲಿಯ ಮಕ್ಕಳಿಗೆ ಮಾತ್ರ.

ಗಡಿ ಅಳಿಸಿದೆ ಎಂದು ಪಾಸ್‌ಪೋರ್ಟನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗುವಂತಿಲ್ಲ. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆಯನ್ನು ಮತ್ತೆ ತಂದಿತು. ಪ್ರಾಗ್‌ನಿಂದ ಡ್ರೆಸ್ಡೆನ್ ಕಡೆಗೆ ಬರುವ ರೈಲಿಗೆ ಪೊಲೀಸರು ಹತ್ತಿದಾಗ ಮೊಬೈಲಿನಲ್ಲಿ ತೆಗೆದ ಫೋಟೊ ತೋರಿಸಿದರೆ ನಡೆಯುವುದಿಲ್ಲ.

ಎಲ್ಲಿಗೆ ಹೋಗುವುದು ಎಂಬುದಕ್ಕೆ ನೂರು ಉತ್ತರಗಳಿವೆ. ಮೊದಲ ಸಲ ಹೊರಟ ವಿದ್ಯಾರ್ಥಿಗಳಿಗೆ ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಎಂಬ ಸಾಲು ಚೆನ್ನಾಗಿ ಒಗ್ಗುತ್ತದೆ. ನಾಲ್ಕೂ ಒಂದೇ ಸರದಲ್ಲಿ ಪೋಣಿಸಿದಂತಿವೆ, ಹಿಂದಕ್ಕೆ ತಿರುಗಬೇಕಿಲ್ಲ, ವಿಯೆನ್ನಾ ಒಂದನ್ನು ಬಿಟ್ಟರೆ ಪೂರ್ವಕ್ಕೆ ಹೋದಷ್ಟೂ ಜೇಬಿಗೆ ಹಗುರ. ಬರ್ಲಿನ್‌ನಿಂದ ಪ್ರಾಗ್‌ಗೆ ನಾಲ್ಕು ಗಂಟೆಯ ಮೇಲೆ ಸ್ವಲ್ಪ. ಡ್ರೆಸ್ಡೆನ್ ದಾಟಿದ ಮೇಲೆ ರೈಲು ಎಲ್ಬೆ ನದಿಯ ದಂಡೆಯನ್ನೇ ಹಿಡಿದು ಸಾಗುತ್ತದೆ, ಎತ್ತರದ ಮರಳುಗಲ್ಲಿನ ಬಂಡೆಗಳು ಕಿಟಕಿಗೆ ತಾಗುವಂತೆ ಬರುತ್ತವೆ. ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟಿಗೆ ಮೂರು ಗಂಟೆಯೊಳಗೆ. ಪಶ್ಚಿಮದ ವಿಯೆನ್ನಾದಿಂದ ಹೊರಟ ರೈಲು ಬುಡಾಪೆಸ್ಟಿನಲ್ಲಿ ಬಂದು ನಿಲ್ಲುವುದು ‘ಕೆಲೆತಿ’ ನಿಲ್ದಾಣದಲ್ಲಿ, ಹಂಗೇರಿಯನ್ ಭಾಷೆಯಲ್ಲಿ ಹಾಗೆಂದರೆ ‘ಪೂರ್ವ’.

ಈ ನಾಲ್ಕು ಊರುಗಳಲ್ಲಿ ದುಡ್ಡಿಲ್ಲದೆ ನೋಡುವುದೇ ಬೇಕಷ್ಟಿದೆ. ಬರ್ಲಿನ್ ಗೋಡೆಯ ಉಳಿದಿರುವ ಸುಮಾರು 1.3 ಕಿಲೋಮೀಟರ್ ತುಂಡಿನ ಮೇಲೆ ಚಿತ್ರಗಳನ್ನು ಬರೆದು ಬಯಲು ಗ್ಯಾಲರಿ ಮಾಡಿದ್ದಾರೆ. ಸಂಸತ್ ಭವನದ ಗಾಜಿನ ಗುಮ್ಮಟ ಹತ್ತಲು ಮೊದಲೇ ಹೆಸರು ನೋಂದಾಯಿಸಿದರೆ ಸಾಕು, ಶುಲ್ಕವಿಲ್ಲ. ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ 1357ರಲ್ಲಿ ಅಡಿಗಲ್ಲು ಬಿತ್ತು. ಹತ್ತು ಗಂಟೆಗೆ ಅಲ್ಲಿ ಜಾತ್ರೆ, ಬೆಳಗಿನ ಆರಕ್ಕೆ ಹೋದರೆ ಮೂರ್ತಿಗಳೂ ನದಿಯೂ ಬಂದವರಿಗೇ ಮೀಸಲು. ವಿಯೆನ್ನಾದ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ಟುಗಳಿವೆ, ಕೂರುವ ಸೀಟಿನ ದರದ ಸಣ್ಣ ಪಾಲಿಗೆ ಸಿಗುತ್ತವೆ. ಒಳಗೆ ಹೋದವರು ಕಂಬಿಗೆ ತಮ್ಮ ಸ್ಕಾರ್ಫ್ ಕಟ್ಟಿ ಜಾಗ ಗುರುತು ಮಾಡಿ ಹೊರಗೆ ಅಡ್ಡಾಡಿ ಬರುತ್ತಾರೆ. ಆ ಗಂಟನ್ನು ಬೇರೆಯವರು ಮುಟ್ಟುವುದಿಲ್ಲ. ಕಿಟಕಿಯಿಂದ ಟವಲ್ ಎಸೆದು ಬಸ್ಸಿನ ಸೀಟು ಹಿಡಿದ ಕನ್ನಡಿಗರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಿಲ್ಲ. ಬುಡಾಪೆಸ್ಟಿನಲ್ಲಿ ಮಾತ್ರ ಕೊಂಚ ಖರ್ಚು ಮಾಡಬೇಕು: 1913ರಲ್ಲಿ ಕಟ್ಟಿದ ಸೆಚೆನಿ ಸ್ನಾನಗೃಹದ ಬಿಸಿನೀರಿನ ಕೊಳದಲ್ಲಿ ಅರ್ಧ ದಿನ ಮುಳುಗಿ ಕೂರುವುದು, ಅಲ್ಲಿಗೆ 1896ರಿಂದ ಓಡುತ್ತಿರುವ ಭೂಗತ ರೈಲಿನಲ್ಲೇ ಹೋಗುವುದು.

ಇಷ್ಟು ಊರು ಸಾಕೇ ಎಂಬ ಪ್ರಶ್ನೆ ಪ್ರತಿ ತಂಡದಲ್ಲೂ ಏಳುತ್ತದೆ. ನಕ್ಷೆ ಹರಡಿಕೊಂಡು ಕೂತಾಗ ಸಾಲ್ಜ್‌ಬರ್ಗ್, ವೆನಿಸ್, ಕ್ರಾಕೋವ್ ಎಲ್ಲವೂ ಪಕ್ಕದಲ್ಲೇ ಇರುವಂತೆ ಕಾಣುತ್ತವೆ. ಲೆಕ್ಕ ಹಾಕಿ ನೋಡಬೇಕು. ಹಾಸ್ಟೆಲ್ಲುಗಳು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಬಿಡಿಸುತ್ತವೆ, ಮುಂದಿನ ಊರಿನ ಹಾಸ್ಟೆಲ್ ಮಧ್ಯಾಹ್ನ ಎರಡು ಮೂರರ ತನಕ ಕೋಣೆ ಕೊಡುವುದಿಲ್ಲ. ನಡುವೆ ಗಂಟುಮೂಟೆ ಕಟ್ಟುವುದು, ನಿಲ್ದಾಣ ಹುಡುಕುವುದು, ಪಯಣ, ಮತ್ತೆ ಹೊಸ ಊರಿನ ಟ್ರಾಮ್ ಟಿಕೆಟ್ಟಿನ ಯಂತ್ರದ ಮುಂದೆ ತಲೆ ಕೆರೆದುಕೊಳ್ಳುವುದು. ಹೀಗೆ ಒಂದು ಊರು ಬದಲಿಸಲು ಅರ್ಧ ದಿನಕ್ಕೆ ಕಡಿಮೆಯಿಲ್ಲ. ಹತ್ತು ದಿನದಲ್ಲಿ ಏಳು ಊರು ಎಂದರೆ ಮೂರು ದಿನ ಬರೀ ನಿಲ್ದಾಣಗಳಿಗೆ ಹೋಯಿತು. ಹತ್ತು ಹನ್ನೆರಡು ದಿನಕ್ಕೆ ನಾಲ್ಕೇ ಊರು ಸರಿಯಾದ ಅಳತೆ, ಐದನೆಯದು ಆಸೆಬುರುಕತನ.

ಈ ನಷ್ಟ ತಪ್ಪಿಸಲು ಹಲವರು ರಾತ್ರಿ ರೈಲು ಹಿಡಿಯುತ್ತಾರೆ, ಹಾಸ್ಟೆಲಿನ ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ಆಸ್ಟ್ರಿಯಾದ ರೈಲ್ವೆ 2016ರಿಂದ ‘ನೈಟ್‌ಜೆಟ್’ ಹೆಸರಿನಲ್ಲಿ ಇವನ್ನು ಓಡಿಸುತ್ತಿದೆ. ಕೂಷೆಟ್ ಎಂಬ ದರ್ಜೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಯೊಳಗೆ ನಾಲ್ಕೋ ಆರೋ ಬರ್ತ್. ಯುರೋಪಿನ ಹುಡುಗರಿಗೆ ಇದೊಂದು ಸಾಹಸ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗಾವಿಗೆ ಹೋಗಿ ಬಂದವರಿಗೆ ಮನೆಯ ಮಾತು. ಪಾಸಿದ್ದರೂ ಬರ್ತ್‌ಗೆ ಬೇರೆ ಹಣ ಕಟ್ಟಿ ಕಾಯ್ದಿರಿಸಬೇಕು, ರಜೆಯ ದಿನಗಳಲ್ಲಿ ವಾರಗಟ್ಟಲೆ ಮೊದಲೇ.

ಹೊಸಬರು ಎಡವುವುದು ಈ ರಿಸರ್ವೇಷನ್ ವಿಷಯದಲ್ಲೇ. ಪಾಸು ಎಂದರೆ ಯಾವ ರೈಲನ್ನಾದರೂ ಹತ್ತುವ ಅನುಮತಿ ಎಂದು ತಿಳಿಯುತ್ತಾರೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡುಗಳಲ್ಲಿ ಬಹುಮಟ್ಟಿಗೆ ಹೌದು. ಫ್ರಾನ್ಸಿನ ಟಿಜಿವಿ, ಇಟಲಿ ಮತ್ತು ಸ್ಪೇನಿನ ವೇಗದ ರೈಲುಗಳು, ಲಂಡನ್ನಿನ ಯೂರೋಸ್ಟಾರ್ ಇವುಗಳಿಗೆ ಸೀಟು ಕಾಯ್ದಿರಿಸದೆ ಹತ್ತುವಂತಿಲ್ಲ. ವಾಸವಿರುವ ದೇಶದೊಳಗೆ ಇಂಟರ್‌ರೈಲ್ ಪಾಸು ಹೊರಡಲು ಒಮ್ಮೆ, ಮರಳಲು ಒಮ್ಮೆ ಮಾತ್ರ ನಡೆಯುತ್ತದೆ. ಇನ್ನೊಂದು ಮಾತನ್ನು ಪಾಸು ಮಾರುವವರು ಹೇಳುವುದಿಲ್ಲ: ಮೇಲೆ ಹೇಳಿದ ನಾಲ್ಕು ಊರುಗಳಂಥ ಚಿಕ್ಕ ಸಾಲಿಗೆ, ತಾರೀಖು ನಿಶ್ಚಯವಾಗಿದ್ದರೆ, ಒಂದೆರಡು ತಿಂಗಳು ಮೊದಲೇ ಬಿಡಿ ಟಿಕೆಟ್ ಕೊಂಡರೆ ಅಗ್ಗವಾಗಬಹುದು. ದೂರದ ಪಯಣಕ್ಕೆ, ಎದ್ದ ಮೇಲೆ ಊರು ನಿಶ್ಚಯಿಸುವವರಿಗೆ ಪಾಸು ಒಳ್ಳೆಯದು. ಮ್ಯೂನಿಕ್ ಸುತ್ತ ಇರುವವರು ಬವೇರಿಯಾ ರಾಜ್ಯದ ಒಂದು ದಿನದ ಗುಂಪು ಟಿಕೆಟ್ ಬಲ್ಲರು. ಐದು ಜನರವರೆಗೆ ಒಂದೇ ಟಿಕೆಟ್, ನಿಧಾನದ ರೈಲುಗಳಲ್ಲಿ ಗಡಿಯಾಚೆಯ ಸಾಲ್ಜ್‌ಬರ್ಗ್‌ವರೆಗೂ ಒಯ್ಯುತ್ತದೆ. ಕಡಿಮೆ ದರದ ವಿಮಾನದ ಜಾಹೀರಾತು ಕಂಡಾಗ ಅದು ಇಳಿಯುವ ಜಾಗವನ್ನೂ ನೋಡಬೇಕು. ಪ್ಯಾರಿಸ್ ಎಂದು ಟಿಕೆಟ್ಟಿನಲ್ಲಿ ಬರೆದ ಬೊವೆ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ಆಚೆ ಇದೆ.

ದಿನದ ಖರ್ಚಿನಲ್ಲಿ ಉಳಿತಾಯ ಮಾಡುವ ದಾರಿ ಸೂಪರ್‌ಮಾರ್ಕೆಟ್ಟು ಮತ್ತು ಹಾಸ್ಟೆಲಿನ ಒಲೆ. ಬ್ರೆಡ್ಡು, ಚೀಸು, ಮೊಸರು, ಹಣ್ಣು ಎಲ್ಲೆಡೆ ಸಿಗುತ್ತವೆ. ಸಸ್ಯಾಹಾರಿಗಳನ್ನು ತುರ್ಕಿ, ಅರಬ್ ಅಂಗಡಿಗಳ ಫಲಾಫೆಲ್ ಕಾಪಾಡುತ್ತದೆ. ನಲ್ಲಿಯ ನೀರನ್ನೇ ಕುಡಿಯಬಹುದು. ವಿಯೆನ್ನಾದಲ್ಲಂತೂ ಅದು ಆಲ್ಪ್ಸ್ ಬೆಟ್ಟಗಳಿಂದ ಬರುತ್ತದೆ. ಜೆಕ್ ದೇಶದ ಕೊರುನಾ, ಹಂಗೇರಿಯ ಫೊರಿಂಟ್ ಬೇರೆ ನಾಣ್ಯಗಳು. ಅಲ್ಲಿ ಎಟಿಎಂ ‘ಯೂರೊದಲ್ಲಿ ಕಳೆಯಲೇ?’ ಎಂದು ನಯವಾಗಿ ಕೇಳಿದರೆ ಬೇಡ ಎಂದೇ ಒತ್ತಬೇಕು, ಆ ವಿನಿಮಯ ದರ ಯಾವಾಗಲೂ ಕೆಟ್ಟದ್ದು. ಪ್ರಾಗ್‌ನ ಟ್ರಾಮ್, ಮೆಟ್ರೊಗಳಲ್ಲಿ ಕಾಗದದ ಟಿಕೆಟ್ ಕೊಂಡರೆ ಮುಗಿಯಲಿಲ್ಲ, ಯಂತ್ರದಲ್ಲಿ ಮುದ್ರೆ ಹೊಡೆಸಬೇಕು. ಮುದ್ರೆಯಿಲ್ಲದ ಟಿಕೆಟ್ಟಿಗೆ ದಂಡ ಬೀಳುತ್ತದೆ. ಪ್ಯಾರಿಸ್ ಕಡೆ ಹೋಗುವವರು ರೆಸಿಡೆನ್ಸ್ ಪರ್ಮಿಟ್ ಜೇಬಿನಲ್ಲಿಡಲಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವಾಸವಿರುವ 26ರೊಳಗಿನವರಿಗೆ, ಭಾರತೀಯರಿಗೂ ಸೇರಿ, ಅಲ್ಲಿಯ ಲೂವ್ರ್ ಮ್ಯೂಸಿಯಮ್ಮಿಗೆ ಪ್ರವೇಶ ಪುಕ್ಕಟೆ.

ಇನ್ನು ಗೆಳೆಯರು. ಮೂವರೋ ನಾಲ್ವರೋ ಇದ್ದರೆ ಸಲೀಸು. ಅದಕ್ಕಿಂತ ಹೆಚ್ಚಾದರೆ ಊಟಕ್ಕೆಲ್ಲಿ ಎಂದು ನಿರ್ಧರಿಸುವಷ್ಟರಲ್ಲಿ ಹೋಟೆಲು ಮುಚ್ಚುತ್ತದೆ. ಲೆಕ್ಕ ಬರೆಯಲು ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ಗಳಿವೆ, ದಿನದಿನವೂ ಬರೆದರೆ ಕೊನೆಗೆ ಮುಖ ಕೆಡುವುದಿಲ್ಲ. ಪ್ರತಿ ತಂಡದಲ್ಲೂ ಒಬ್ಬರು ತಮಗೇ ಗೊತ್ತಿಲ್ಲದಂತೆ ಟೂರ್ ಮ್ಯಾನೇಜರ್ ಆಗಿಬಿಡುತ್ತಾರೆ, ಮೂರನೆಯ ದಿನಕ್ಕೆ ಸಿಡುಕುತ್ತಾರೆ. ಊರಿಗೊಬ್ಬರಂತೆ ಜವಾಬ್ದಾರಿ ಹಂಚಿಕೊಳ್ಳುವುದು, ಪ್ರತಿ ಊರಿನಲ್ಲಿ ಒಂದು ಮಧ್ಯಾಹ್ನ ಅವರವರ ಪಾಡಿಗೆ ಅಡ್ಡಾಡಿ ಸಂಜೆ ಸೇರುವುದು, ಇವೆರಡನ್ನು ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು.

ಕಾಲವೂ ನೋಡಿಕೊಳ್ಳಬೇಕಾದ್ದೇ. ಜೂನ್‌ನಲ್ಲಿ ಬರ್ಲಿನ್‌ನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ. ಅದೇ ಊರು, ಅರ್ಧ ಹಗಲು. ಆಗಸ್ಟಿನಲ್ಲಿ ಜನಜಂಗುಳಿ, ದರವೂ ಏರು. ಸೆಪ್ಟೆಂಬರ್ ಎಲ್ಲಕ್ಕಿಂತ ಮೇಲು, ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಆಗಿನ್ನೂ ರಜೆ ಇರುತ್ತದೆ. ಕ್ರಿಸ್‌ಮಸ್ ಸಂತೆಗಳನ್ನು ನೋಡಬೇಕೆನ್ನುವವರು ಡಿಸೆಂಬರಿನ ಮೊದಲ ಮೂರು ವಾರದಲ್ಲಿ ಹೋಗಬೇಕು, ಜರ್ಮನಿಯಲ್ಲಿ ಬಹುಪಾಲು ಸಂತೆಗಳು 24ರೊಳಗೆ ಎದ್ದುಬಿಡುತ್ತವೆ. ಅಲ್ಲಿ 24ರ ಮಧ್ಯಾಹ್ನ ಮುಚ್ಚಿದ ದಿನಸಿ ಅಂಗಡಿಗಳು 25, 26ರಂದೂ ಬಾಗಿಲು ತೆರೆಯುವುದಿಲ್ಲ. ಆ ದಿನಗಳ ಬ್ರೆಡ್ಡು, ಹಾಲು, ಮೊಸರನ್ನು 23ರ ಸಂಜೆಯೇ ಕೊಂಡಿಟ್ಟುಕೊಳ್ಳಿ.