ಒಂದೇ ಸೂರಿನಡಿ ಇರುವವರು

ಸಂಬಳದ ಚೀಟಿಗೂ ವಿವಾಹ ಸಂಸ್ಕಾರಕ್ಕೂ ಏನು ಸಂಬಂಧವೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಮಹಾಧರ್ಮಪ್ರಾಂತ್ಯವು 1997ರಲ್ಲಿ ಅದನ್ನು ಯೋಚಿಸಲೇಬೇಕಾಯಿತು.

ಆ ದೇಶದಲ್ಲಿ ದುಡಿಯುವ ವಯಸ್ಸಿನ ಬಹುಮಂದಿಗೆ ಆರೋಗ್ಯ ವಿಮೆ ದೊರೆಯುವುದು ಉದ್ಯೋಗದಾತರ ಮೂಲಕ. ನೌಕರನ ಪತ್ನಿಗೂ ನೌಕರಳ ಪತಿಗೂ ಅದೇ ವಿಮೆಯ ನೆರಳು. ಆದರೆ ಆಗ ಸಲಿಂಗ ಸಂಗಾತಿಗಳಿಗೆ ವಿವಾಹದ ಹಕ್ಕಿರಲಿಲ್ಲ. ಎಷ್ಟೇ ವರ್ಷ ಒಟ್ಟಿಗೆ ಬಾಳಿದ್ದರೂ ಅವರು ಆ ನೆರಳಿನಿಂದ ಹೊರಗೆ. ಏಡ್ಸ್ ಪಿಡುಗಿನಿಂದ ನಲುಗಿದ ನಗರದಲ್ಲಿ ಇದು ಬರಿಯ ತತ್ತ್ವದ ಜಿಜ್ಞಾಸೆಯಾಗಿರಲಿಲ್ಲ. 1991ರಿಂದ ನಗರವು ಇಂಥ ಜೋಡಿಗಳನ್ನು ‘ಗೃಹ ಸಂಗಾತಿ’ಗಳೆಂದು ನೋಂದಾಯಿಸತೊಡಗಿತ್ತು. 1996ರಲ್ಲಿ ಇನ್ನೊಂದು ಹೆಜ್ಜೆ: ನಗರಾಡಳಿತದೊಡನೆ ಗುತ್ತಿಗೆ ಮಾಡಿಕೊಳ್ಳುವ ಸಂಸ್ಥೆಗಳು ನೌಕರರ ಪತಿಪತ್ನಿಯರಿಗೆ ನೀಡುವ ಸೌಲಭ್ಯವನ್ನು ಗೃಹ ಸಂಗಾತಿಗಳಿಗೂ ನೀಡತಕ್ಕದ್ದೆಂಬ ಶಾಸನ. ಅದು 1997ರ ಜೂನ್ 1ರಿಂದ ಜಾರಿಗೆ ಬರಲಿತ್ತು.

ಧರ್ಮಸಭೆಯ ಸೇವಾಸಂಸ್ಥೆ ‘ಕ್ಯಾಥೊಲಿಕ್ ಚಾರಿಟೀಸ್’ ನಗರದ ಹಣದಿಂದಲೇ ನಿರ್ಗತಿಕರ, ವೃದ್ಧರ, ಏಡ್ಸ್ ರೋಗಿಗಳ ಆರೈಕೆ ಮಾಡುತ್ತಿತ್ತು. ಶಾಸನಕ್ಕೆ ತಲೆಬಾಗಿದರೆ ವಿವಾಹದ ಬೋಧನೆಗೆ ಧಕ್ಕೆ. ಬಾಗದಿದ್ದರೆ ರೋಗಿಗಳ ಗತಿಯೇನು? ಆರ್ಚ್‌ಬಿಷಪ್ ವಿಲಿಯಂ ಲೆವಾಡಾರವರು ವಿನಾಯಿತಿ ಕೋರಿದರು. 1997ರ ಫೆಬ್ರವರಿಯಲ್ಲಿ ಮೇಯರ್ ವಿಲ್ಲಿ ಬ್ರೌನ್‌ರವರ ಆಡಳಿತದೊಡನೆ ಒಂದು ಒಪ್ಪಂದವಾಯಿತು. ನೌಕರನು ತನ್ನ ಮನೆಯಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾರಾದರೊಬ್ಬ ವ್ಯಕ್ತಿಯನ್ನು ಸೌಲಭ್ಯಕ್ಕೆ ಹೆಸರಿಸಬಹುದು. ಆ ವ್ಯಕ್ತಿ ಪತ್ನಿಯಿರಬಹುದು, ಮುದಿ ತಾಯಿಯಿರಬಹುದು, ಅವಿವಾಹಿತ ತಂಗಿಯಿರಬಹುದು, ಸಂಗಾತಿಯೂ ಇರಬಹುದು. ಸಂಬಂಧ ಯಾವುದೆಂದು ಸಂಸ್ಥೆ ಕೇಳುವುದಿಲ್ಲ.

ಇದು ಹಿಂಬಾಗಿಲ ಶರಣಾಗತಿಯೆಂದು ಕೆಲವು ಕಥೋಲಿಕರೇ ಗೊಣಗಿದರು. ಲೆವಾಡಾರವರು ಅದೇ ವರ್ಷ ‘ಫಸ್ಟ್ ಥಿಂಗ್ಸ್’ ಪತ್ರಿಕೆಯಲ್ಲಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಹೆಚ್ಚು ಜನರಿಗೆ ವಿಮೆ ದೊರೆಯುವುದನ್ನು ಧರ್ಮಸಭೆ ವಿರೋಧಿಸಬೇಕಾಗಿಲ್ಲ, ಅನ್ಯ ಸಂಬಂಧವನ್ನು ವಿವಾಹಕ್ಕೆ ಸಮನೆಂದು ಸಾರುವುದನ್ನು ಮಾತ್ರ ಒಪ್ಪಲಾಗದು ಎಂಬುದು ಅವರ ವಾದದ ಸಾರ. ಅವರು ವಿಶ್ವಾಸ ಬೋಧನಾ ಪೀಠದ ಮುಖ್ಯಸ್ಥರಾದುದು 2005ರಲ್ಲಿ. ಈ ಒಪ್ಪಂದವು ಅವರಿಗೆ ಅಡ್ಡಿಯಾಗಲಿಲ್ಲವೆಂಬುದನ್ನು ಗೊಣಗಿದವರು ಗಮನಿಸಿರಬೇಕು!

ವಾಷಿಂಗ್ಟನ್ ಮಹಾಧರ್ಮಪ್ರಾಂತ್ಯದ ದಾರಿ ಬೇರೆ. 2010ರ ಮಾರ್ಚ್‌ನಲ್ಲಿ ಅಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾದಾಗ, ಅಲ್ಲಿನ ಕ್ಯಾಥೊಲಿಕ್ ಚಾರಿಟೀಸ್ ಹೊಸ ನೌಕರರ ಪತಿಪತ್ನಿಯರಿಗೆ ವಿಮೆ ನೀಡುವುದನ್ನೇ ನಿಲ್ಲಿಸಿತು. ಆಗಾಗಲೇ ವಿಮೆಯಲ್ಲಿದ್ದವರು ಉಳಿದರು. ಆ ಬಳಿಕ ಕೆಲಸಕ್ಕೆ ಸೇರಿದವನು ದೇವಾಲಯದಲ್ಲಿ ವಿವಾಹವಾದ ಕಥೋಲಿಕನೇ ಆಗಿದ್ದರೂ, ಅವನ ಪತ್ನಿಗೆ ಆ ನೆರಳಿಲ್ಲ. ಬೋಧನೆಯನ್ನು ಕಾಯಲು ಸ್ವಂತ ಕುಟುಂಬಗಳೇ ತೆರಿಗೆ ತೆತ್ತಂತಾಯಿತೆಂದು ನಮಗೆ ತೋರುತ್ತದೆ. ಎರಡರಲ್ಲಿ ಲೆವಾಡಾರವರ ದಾರಿಯೇ ನಮಗೆ ಹೆಚ್ಚು ಮೆಚ್ಚುಗೆ. ಅತ್ತೆ, ಚಿಕ್ಕಮ್ಮ, ಮದುವೆಯಾಗದ ಅಕ್ಕ, ಇವರೆಲ್ಲ ಒಂದೇ ಒಲೆಯ ಅನ್ನ ಉಣ್ಣುವ ನಮ್ಮಂಥ ಮನೆಗಳಿಗೆ ಆ ದಾರಿ ಅಪರಿಚಿತವೂ ಅಲ್ಲ.

2015ರ ಜೂನ್ 26ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಸಲಿಂಗ ವಿವಾಹಕ್ಕೆ ಮನ್ನಣೆ ನೀಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ಅಂಥ ಮನ್ನಣೆಯನ್ನು ನಿರಾಕರಿಸಿತಾದರೂ, ಸಂಗಾತಿಗಳ ಸೌಲಭ್ಯಗಳ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಇಂಥವರು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಪರಸ್ಪರರನ್ನು ನಾಮನಿರ್ದೇಶನ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.