ಕೆಮ್ಮುವ ಬಸುರಿಗೆ ಆಪರೇಷನ್ನೇ ಗತಿಯೆ?

ಬಸುರಿಗೆ ಕೊರೊನಾ ಅಥವಾ ಎಚ್‌1ಎನ್‌1 ತಗುಲಿದರೆ ಆಪರೇಷನ್ ಮಾಡಿಯೇ ಹೆರಿಗೆಯಾಗಬೇಕು, ಕೂಸನ್ನು ದೂರವಿಟ್ಟು ಪುಡಿ ಹಾಲು ಕುಡಿಸಬೇಕು ಎಂಬ ಮಾತು ಸೋಂಕಿನ ಅಲೆ ಇಳಿದ ಮೇಲೂ ಉಳಿದಿದೆ. ಅದರ ಹಿಂದಿನ ಅಂಜಿಕೆಯೇನೂ ಸುಳ್ಳಲ್ಲ. 2009ರ ಎಚ್‌1ಎನ್‌1 ಹಾವಳಿಯಲ್ಲಿ ಅಮೆರಿಕದ ಜನಸಂಖ್ಯೆಯ ಸುಮಾರು ಶೇ 1ರಷ್ಟಿದ್ದ ಗರ್ಭಿಣಿಯರು ಸತ್ತವರಲ್ಲಿ ಸುಮಾರು ಶೇ 5ರಷ್ಟಿದ್ದರು. ಭಾರತವೂ ಸೇರಿ 18 ದೇಶಗಳ 2,130 ಮಹಿಳೆಯರ ಇಂಟರ್‌ಕೋವಿಡ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಸೋಂಕಿಲ್ಲದ ಗರ್ಭಿಣಿಯರಿಗಿಂತ ಕೊರೊನಾ ತಗುಲಿದವರಲ್ಲಿ ಬಿ.ಪಿ. ಏರಿ ಪ್ರಿಎಕ್ಲಾಂಪ್ಸಿಯಾ ಆಗುವ ಸಂಭವವೂ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವೂ ಒಂದೂವರೆ ಪಟ್ಟು ಮೀರಿದ್ದವು. ಬೆಳೆದ ಗರ್ಭ ವಪೆಯನ್ನು ಮೇಲಕ್ಕೊತ್ತುತ್ತದೆ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಶ್ವಾಸಕೋಶ ಸೋತರೆ ಮಾಸಿನ ಮೂಲಕ ಮಗುವಿಗೂ ಕೊರತೆ ತಟ್ಟುತ್ತದೆ. ಅಪಾಯವಿರುವುದು ತಾಯಿಯ ಉಸಿರಿನಲ್ಲಿ ಮತ್ತು ಮಾಸಿನಲ್ಲಿ. ನಮ್ಮ ಜನ ಅಂಜುವುದು ಮಾತ್ರ ಹೆರಿಗೆಯ ದಾರಿಗೆ, ಎದೆಹಾಲಿಗೆ.

ಅದೇ ಅಧ್ಯಯನದಲ್ಲಿ ಸೋಂಕಿತ ತಾಯಂದಿರ ಶಿಶುಗಳಲ್ಲಿ ಸುಮಾರು ಶೇ 13ಕ್ಕೆ ಸೋಂಕು ಕಂಡಿತು. ಸಿಸೇರಿಯನ್ನಿನಿಂದ ಹುಟ್ಟಿದವರಲ್ಲಿ ಅದರ ಸಂಭವ ಹೆಚ್ಚಿತ್ತು, ಎದೆಹಾಲಿನಿಂದ ಹೆಚ್ಚಲಿಲ್ಲ. ಕಾಯಿಲೆ ಜೋರಾದವರಿಗೇ ಆಪರೇಷನ್ ಆಗಿರಬಹುದಲ್ಲ ಎಂದು ಕೇಳಬಹುದು, ಕೇಳಬೇಕಾದದ್ದೇ. ಹಾಗೆಂದುಕೊಂಡರೂ ಆಪರೇಷನ್ ಮಗುವನ್ನು ಕಾಯುತ್ತದೆ ಎಂಬುದಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ. ತಾಯಿಯ ಉಸಿರು ಕುಸಿದರೆ, ಮಗುವಿನ ಎದೆಬಡಿತ ತಗ್ಗಿದರೆ ಸಿಸೇರಿಯನ್ ಬೇಕಾದೀತು. ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಬೇಡ. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಇನ್ನೊಂದು ತಪ್ಪು ತದ್ವಿರುದ್ಧ ದಿಕ್ಕಿನದು: ನೆಗಡಿ ತಾನೇ, ಕಷಾಯ ಕುಡಿದರಾಯಿತು ಎಂಬುದು. ಬಳ್ಳಾರಿಯ ದೊಡ್ಡ ಆಸ್ಪತ್ರೆ ಕೊಳಗಲ್ಲಿನಂಥ ಹಳ್ಳಿಗೆ ಹತ್ತಿರ. ಸಿರುಗುಪ್ಪದಿಂದಾದರೆ 50 ಕಿ.ಮೀ.ಗೂ ಹೆಚ್ಚು. ಕಾಯುತ್ತ ಕೂತರೆ ಆ ದಾರಿ ಇನ್ನೂ ಉದ್ದವಾಗುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಆಸ್ಪತ್ರೆಗೆ ಅಂಜುವವರನ್ನು ದೂರಲಾಗದು. ಆದರೆ ಆಗ ಸಂಶಯ ಬಿದ್ದದ್ದು ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ. ಉಸಿರಾಟದ ಸೋಂಕಿಗೂ ಅದಕ್ಕೂ ಸಂಬಂಧವಿಲ್ಲ. ಕಾಯಿಲೆ ಎಚ್‌1ಎನ್‌1ನಂಥ ಫ್ಲೂ ಎಂದಾದರೆ ಒಸೆಲ್ಟಾಮಿವಿರ್ ಮಾತ್ರೆ ಮೊದಲ 2 ದಿನದೊಳಗೆ ಶುರುವಾದರೆ ಹೆಚ್ಚು ಫಲ. ಫ್ಲೂ ಚುಚ್ಚುಮದ್ದಿನಲ್ಲಿರುವುದು ನಿಷ್ಕ್ರಿಯ ವೈರಾಣು, ಗರ್ಭಿಣಿಗೆ ಕೊಡಬಹುದು. ಜ್ವರ ಇಳಿಯದಿದ್ದರೆ, ಏದುಸಿರು ಬಂದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎನ್ನಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಹಿಡಿದು 108ಕ್ಕೆ ಕರೆ ಮಾಡಿ.